ಹೋದ ದಿನದ ಕೂಲಿ: ರಗ್ಬಿ ಲೀಗ್ ಆಟಗಾರನ ಬದುಕಿನ ಲೆಕ್ಕ

ಪಂದ್ಯ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. 2014ರ ಅಕ್ಟೋಬರ್ 5, ಸಿಡ್ನಿ. ಆಸ್ಟ್ರೇಲಿಯಾದ ರಗ್ಬಿ ಲೀಗ್ ಫೈನಲ್. ಮೈದಾನದಲ್ಲಿ 83 ಸಾವಿರಕ್ಕೂ ಜಾಸ್ತಿ ಜನ. ಮೊದಲ ಡಿಕ್ಕಿಯಲ್ಲೇ ಎದುರು ತಂಡದ ಜೇಮ್ಸ್ ಗ್ರಹಾಂ ತಲೆ ಸೌತ್ ಸಿಡ್ನಿಯ ಸ್ಯಾಮ್ ಬರ್ಜೆಸ್ ಕೆನ್ನೆಗೆ ಬಡಿಯಿತು. ಕೆನ್ನೆಮೂಳೆ ಮುರಿಯಿತು. ಬರ್ಜೆಸ್ ಮುಖ ಹಿಡಿದುಕೊಂಡು ಎದ್ದರು. ಹೊರಗೆ ಹೋಗಲಿಲ್ಲ. ಮುಖದ ಒಂದು ಕಡೆ ಊದುತ್ತಲೇ ಇತ್ತು, ಅವರು ಅದೇ ಮುಖ ಹೊತ್ತು ಚೆಂಡು ಹಿಡಿದು ನುಗ್ಗುತ್ತಲೇ ಇದ್ದರು. ಕೊನೆಯವರೆಗೂ ಆಡಿದರು. ಸೌತ್ ಸಿಡ್ನಿ 30-6ರಿಂದ ಗೆದ್ದಿತು. 43 ವರ್ಷಗಳ ಮೇಲೆ ಬಂದ ಪಟ್ಟ ಅದು. ಪಂದ್ಯದ ಶ್ರೇಷ್ಠ ಆಟಗಾರನ ಪದಕವೂ ಬರ್ಜೆಸ್ ಕೊರಳಿಗೇ ಬಿತ್ತು.

ಆ ದಿನ ಆಸ್ಟ್ರೇಲಿಯಾದ ಹಳೇ ಅಭಿಮಾನಿಗಳಿಗೆಲ್ಲ ಇನ್ನೊಂದು ಹೆಸರು ನೆನಪಾಯಿತು. ಜಾನ್ ಸ್ಯಾಟ್ಲರ್. ಅದೇ ಸೌತ್ ಸಿಡ್ನಿಯ ನಾಯಕ. 1970ರ ಫೈನಲ್‌ನಲ್ಲಿ ಪಂದ್ಯ ಶುರುವಾದ ಸ್ವಲ್ಪ ಹೊತ್ತಿಗೇ ಅವರ ದವಡೆ ಮುರಿದಿತ್ತು. ಅವರೂ ಪೂರ್ತಿ ಪಂದ್ಯ ಆಡಿ, ಗೆಲ್ಲಿಸಿಯೇ ಮೈದಾನ ಬಿಟ್ಟರು.

ಈ ಎರಡು ಕಥೆಗಳನ್ನು ರಗ್ಬಿ ಲೀಗ್ ಜಗತ್ತು ದೇವರ ಕಥೆ ಹೇಳಿದ ಹಾಗೆ ಹೇಳುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಈ ಕಥೆಗಳಿಗೆ ಎರಡನೇ ಭಾಗವೂ ಇದೆ. ಬರ್ಜೆಸ್ ಭುಜ ಕೆಟ್ಟು 2019ರಲ್ಲಿ, ಇನ್ನೂ 30ರ ವಯಸ್ಸಿನಲ್ಲೇ, ಆಟ ಬಿಡಬೇಕಾಯಿತು. ಸ್ಯಾಟ್ಲರ್ ಕೊನೆಯ ವರ್ಷಗಳನ್ನು ಮರೆವಿನ ಕಾಯಿಲೆಯಲ್ಲಿ ಕಳೆದು 2023ರಲ್ಲಿ ತೀರಿಕೊಂಡರು. ಆ ಡಿಕ್ಕಿಯ ಇನ್ನೊಂದು ತಲೆಯ ಒಡೆಯ ಜೇಮ್ಸ್ ಗ್ರಹಾಂ 2020ರಲ್ಲಿ ನಿವೃತ್ತರಾದ ಮೇಲೆ ಒಂದು ಪಾಡ್‌ಕಾಸ್ಟ್ ಮಾಡಿದರು. ವಿಷಯ ಬೇರೆ ಏನಲ್ಲ, ಇಷ್ಟು ವರ್ಷ ತಿಂದ ಪೆಟ್ಟುಗಳು ತನ್ನ ಮೆದುಳಿಗೆ ಏನು ಮಾಡಿವೆ ಅನ್ನುವುದೇ.

ಮೊದಲ ಭಾಗಕ್ಕೆ ಟಿಕೆಟ್ ಇದೆ, ಟಿವಿ ಹಕ್ಕು ಇದೆ, ಪದಕ ಇದೆ. ಎರಡನೇ ಭಾಗದ ಖರ್ಚು ಯಾರದ್ದು? ಇಂಗ್ಲೆಂಡ್‌ನಲ್ಲೂ ಆಸ್ಟ್ರೇಲಿಯಾದಲ್ಲೂ ಈಗ ಈ ಆಟದ ಸುತ್ತ ನಡೆಯುತ್ತಿರುವ ದೊಡ್ಡ ಜಗಳ ಇದು. ಕೋರ್ಟಿನಲ್ಲೂ ಇದೆ, ಸಂಬಳದ ಮಾತುಕತೆಯಲ್ಲೂ ಇದೆ, ನಿಯಮ ಪುಸ್ತಕದಲ್ಲೂ ಇದೆ.

ನಮ್ಮಲ್ಲಿ ರಗ್ಬಿ ಅಂದರೆ ಒಂದೇ ಆಟ ಅಂದುಕೊಳ್ಳುವವರು ಜಾಸ್ತಿ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ತಂಡ ಆಡಿದ್ದನ್ನು ಕೆಲವರಾದರೂ ನೋಡಿರಬಹುದು. ಅದು ರಗ್ಬಿ ಯೂನಿಯನ್‌ನ ಏಳು ಜನರ ರೂಪ. ರಗ್ಬಿ ಲೀಗ್ ಬೇರೆ. ಇಲ್ಲಿ ತಂಡಕ್ಕೆ 13 ಜನ. ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ಕೆಡವುತ್ತಾರೆ, ಇದೇ ಟ್ಯಾಕಲ್. ಬಿದ್ದವನು ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ತಳ್ಳಿ ಆಟ ಮುಂದುವರಿಸುತ್ತಾನೆ. ಹೀಗೆ ಆರು ಸಲ. ಅಷ್ಟರೊಳಗೆ ಎದುರಾಳಿಯ ಕೊನೆಯ ಗೆರೆ ದಾಟದಿದ್ದರೆ ಚೆಂಡು ಎದುರಾಳಿಗೆ.

ಕಬಡ್ಡಿ ನೋಡಿದವರಿಗೆ ಇದು ಅರ್ಥವಾಗದ್ದೇನಲ್ಲ. ಒಬ್ಬ ನುಗ್ಗುತ್ತಾನೆ, ಮೂವರು ಕಟ್ಟಿಹಾಕುತ್ತಾರೆ. ವ್ಯತ್ಯಾಸ ಇರುವುದು ವೇಗದಲ್ಲಿ. ಪ್ರತಿ ಟ್ಯಾಕಲ್ ಆದ ಮೇಲೂ ತಡೆಯುವ ತಂಡ ಹತ್ತು ಮೀಟರ್ ಹಿಂದಕ್ಕೆ ಹೋಗಿ ನಿಲ್ಲಬೇಕು. ಹತ್ತು ಮೀಟರ್ ಅಂದರೆ ಕಬಡ್ಡಿ ಅಂಕಣದ ಅಗಲ. ಅಷ್ಟು ಜಾಗವನ್ನು ಎರಡೂ ಕಡೆಯವರು ಓಡಿ ಬಂದು ನಡುವೆ ಡಿಕ್ಕಿ ಹೊಡೆಯುತ್ತಾರೆ. ಒಬ್ಬೊಬ್ಬರ ತೂಕ ನೂರು ಕೆಜಿಯ ಆಸುಪಾಸು. 1990ರ ದಶಕದ ಮೊದಲು ಈ ದೂರ ಐದು ಮೀಟರ್ ಮಾತ್ರ ಇತ್ತು. ಆಟ ಚುರುಕಾಗಲಿ, ನೋಡೋಕೆ ಚೆನ್ನಾಗಿರಲಿ ಅಂತ ಹತ್ತು ಮಾಡಿದರು. ಚುರುಕಾಯಿತು. ಡಿಕ್ಕಿಯ ಹೊಡೆತವೂ ಜೋರಾಯಿತು.

80 ನಿಮಿಷದ ಪಂದ್ಯ. ನಡುವೆ ಆಡುವ ಹೂಕರ್ ಅಥವಾ ಫಾರ್ವರ್ಡ್ ಒಬ್ಬ ಒಂದೇ ಪಂದ್ಯದಲ್ಲಿ 40 ಟ್ಯಾಕಲ್ ಮಾಡುವುದು ಮಾಮೂಲಿ. ಅದರ ಜೊತೆಗೆ ತಾನು ಚೆಂಡು ಹಿಡಿದು ನುಗ್ಗಿ ಹತ್ತಾರು ಸಲ ಕೆಳಗೆ ಬೀಳುತ್ತಾನೆ. ಆಸ್ಟ್ರೇಲಿಯಾದ ಎನ್‌ಆರ್‌ಎಲ್‌ನಲ್ಲಿ, ಅಂದರೆ ಅಲ್ಲಿನ ರಾಷ್ಟ್ರೀಯ ರಗ್ಬಿ ಲೀಗ್‌ನಲ್ಲಿ, ಒಂದು ತಂಡಕ್ಕೆ ಲೀಗ್ ಹಂತದಲ್ಲೇ 24 ಪಂದ್ಯ. ನೀವೇ ಗುಣಿಸಿ ನೋಡಿ. ವರ್ಷಕ್ಕೆ ಸಾವಿರ ಡಿಕ್ಕಿ ಸುಲಭವಾಗಿ ದಾಟುತ್ತದೆ. ಅಭ್ಯಾಸದ ದಿನಗಳದ್ದು ಬೇರೆ.

ಅಭ್ಯಾಸ ಅಂದಾಗ ಒಂದು ಹುಡುಗನ ನೆನಪು. ಕೀತ್ ಟಿಟ್ಮಸ್, 20 ವರ್ಷ. 2020ರ ನವೆಂಬರಿನಲ್ಲಿ ಸಿಡ್ನಿಯ ಮ್ಯಾನ್ಲಿ ತಂಡದ ಅಭ್ಯಾಸ ಮುಗಿದ ಮೇಲೆ ಕುಸಿದು ತೀರಿಹೋದ. ಮೈ ಕಾದು, ತಡೆಯಲಾಗದ ಶಾಖಕ್ಕೆ ಜೀವ ಹೋಯಿತು ಅಂತ ವಿಚಾರಣೆಯಲ್ಲಿ ಗೊತ್ತಾಯಿತು. ಮೇಲಿನ ದರ್ಜೆಯ ಒಂದು ಪಂದ್ಯವನ್ನೂ ಅವನು ಆಡಿರಲಿಲ್ಲ.

ಇಷ್ಟೆಲ್ಲ ಪಟ್ಟರೆ ಸಿಗುವುದೆಷ್ಟು? ಇಂಗ್ಲೆಂಡಿನ ಸೂಪರ್ ಲೀಗ್‌ನಲ್ಲಿ ಒಂದು ಕ್ಲಬ್ ತನ್ನ ಇಡೀ ತಂಡದ ಸಂಬಳಕ್ಕೆ ಖರ್ಚು ಮಾಡಬಹುದಾದ ಮಿತಿ 21 ಲಕ್ಷ ಪೌಂಡ್. ಕೆಲವೇ ತಾರೆಗಳಿಗೆ ವಿನಾಯಿತಿ ಇದೆ, ಉಳಿದವರೆಲ್ಲ ಅದರೊಳಗೇ. ನಮ್ಮ ರೂಪಾಯಿಗೆ ತಂದರೆ 25 ಕೋಟಿಯ ಹತ್ತಿರ. ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್ ಒಬ್ಬರಿಗೇ 27 ಕೋಟಿ ಕೊಟ್ಟಿದ್ದು ನೆನಪಿದೆ ಅಲ್ವಾ? ಅದಕ್ಕಿಂತ ಕಡಿಮೆ ದುಡ್ಡಿನಲ್ಲಿ ಇಲ್ಲಿ ಒಂದು ಪೂರ್ತಿ ತಂಡದ ವರ್ಷ ಕಳೆಯುತ್ತದೆ. ಆಸ್ಟ್ರೇಲಿಯಾದಲ್ಲಿ ಪರವಾಗಿಲ್ಲ. ಅಲ್ಲಿ 30 ಜನರ ತಂಡಕ್ಕೆ ಮಿತಿ ಸುಮಾರು 1.2 ಕೋಟಿ ಆಸ್ಟ್ರೇಲಿಯನ್ ಡಾಲರ್. ಅದಕ್ಕೇ ಇಂಗ್ಲೆಂಡಿನ ಒಳ್ಳೆಯ ಹುಡುಗರು ಇಪ್ಪತ್ತರ ಹರೆಯದಲ್ಲೇ ಸಿಡ್ನಿಯ ವಿಮಾನ ಹತ್ತುತ್ತಾರೆ. ಬರ್ಜೆಸ್ ಮತ್ತು ಗ್ರಹಾಂ ಇಬ್ಬರೂ ಹಾಗೆ ಹೋದವರೇ. ಇಬ್ಬರೂ ಇಂಗ್ಲೆಂಡಿನವರು, ದೇಶದ ತಂಡದಲ್ಲಿ ಜೊತೆಗೆ ಆಡಿದವರು.

ಈ ದುಡ್ಡು ಬರುವುದು ಎಷ್ಟು ವರ್ಷ? 18ಕ್ಕೆ ಮೊದಲ ಕಾಂಟ್ರಾಕ್ಟ್ ಆದರೆ, ಅದೃಷ್ಟ ಇದ್ದವರಿಗೆ 33-34ರವರೆಗೆ. ಬಹಳ ಜನ ಅದಕ್ಕೂ ಎಷ್ಟೋ ಮೊದಲೇ ಮೊಣಕಾಲು, ಭುಜ, ಇಲ್ಲವೇ ತಲೆಯ ಕಾರಣಕ್ಕೆ ಮನೆಗೆ ಹೋಗುತ್ತಾರೆ. ಮೊಣಕಾಲು ಹೋದರೆ ಕುಂಟುವುದು ಕಣ್ಣಿಗೆ ಕಾಣುತ್ತದೆ. ತಲೆಯದ್ದು ಕಾಣುವುದಿಲ್ಲ. ಈ ಆಟದ ಸಂಕಟವೆಲ್ಲ ಇರುವುದು ಅಲ್ಲಿ.

2021ರಲ್ಲಿ ಸಿಡ್ನಿ ರೂಸ್ಟರ್ಸ್ ತಂಡದ ಇಬ್ಬರು ನಾಯಕರು ಒಂದೇ ವರ್ಷ ಆಟ ಬಿಟ್ಟರು. ಏಪ್ರಿಲ್‌ನಲ್ಲಿ ಜೇಕ್ ಫ್ರೆಂಡ್, ಜೂನ್‌ನಲ್ಲಿ ಬಾಯ್ಡ್ ಕಾರ್ಡ್‌ನರ್. ಕಾರ್ಡ್‌ನರ್ ಆಸ್ಟ್ರೇಲಿಯಾ ತಂಡಕ್ಕೂ ನಾಯಕರಾಗಿದ್ದವರು, ಇನ್ನೂ 30 ತುಂಬಿರಲಿಲ್ಲ. ಇಬ್ಬರಿಗೂ ಕಾರಣ ಒಂದೇ, ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟು. ಇವರು ಸಮಯಕ್ಕೆ ನಿಲ್ಲಿಸಿದರು. ನಿಲ್ಲಿಸದವರ ಕಥೆ ತಡವಾಗಿ ಹೊರಗೆ ಬಂತು.

ಸಿಟಿಇ ಅನ್ನುವ ಮೆದುಳಿನ ಕಾಯಿಲೆ ಇದೆ. ತಲೆಗೆ ಪದೇ ಪದೇ ಪೆಟ್ಟು ಬಿದ್ದವರಲ್ಲಿ ಕಾಣುವಂಥದ್ದು. ಮರೆವು, ಸಿಟ್ಟು, ಮನಸ್ಸು ಕುಗ್ಗುವುದು, ಎಲ್ಲ ನಿಧಾನಕ್ಕೆ ಶುರುವಾಗುತ್ತವೆ. ಇದನ್ನು ಖಚಿತವಾಗಿ ಹೇಳಬೇಕಾದರೆ ಮನುಷ್ಯ ಸತ್ತ ಮೇಲೆ ಮೆದುಳನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬೇರೆ ದಾರಿ ಇನ್ನೂ ಇಲ್ಲ. 2018ರಲ್ಲಿ 59ನೇ ವಯಸ್ಸಿಗೆ ತೀರಿಕೊಂಡ ಸಿಡ್ನಿಯ ಹಳೇ ಆಟಗಾರ ಸ್ಟೀವ್ ಫೋಕ್ಸ್ ಅವರ ಮೆದುಳಿನಲ್ಲಿ ಅದು ಸಿಕ್ಕಿತು. 2022ರ ಆಗಸ್ಟ್‌ನಲ್ಲಿ 49ನೇ ವಯಸ್ಸಿಗೆ ತೀರಿಕೊಂಡ ಪಾಲ್ ಗ್ರೀನ್ ಅವರದ್ದರಲ್ಲೂ ಸಿಕ್ಕಿತು. ಗ್ರೀನ್ ಸುಮ್ನೆ ಒಬ್ಬ ಹಳೇ ಆಟಗಾರ ಅಲ್ಲ. 2015ರಲ್ಲಿ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಂಡಕ್ಕೆ ಮೊದಲ ಪಟ್ಟ ಗೆದ್ದುಕೊಟ್ಟ ಕೋಚ್. ಇನ್ನು ವಾಲಿ ಲೂಯಿಸ್. ಬ್ರಿಸ್ಬೇನ್ ಮೈದಾನದ ಎದುರು ಯಾರ ಕಂಚಿನ ಪ್ರತಿಮೆ ನಿಂತಿದೆಯೋ, ಜನ ಯಾರನ್ನು ‘ಕಿಂಗ್’ ಅಂತಲೇ ಕರೆಯುತ್ತಾರೋ, ಆ ಲೂಯಿಸ್ 2023ರಲ್ಲಿ ತನಗೂ ಇದೇ ಇರಬೇಕು ಅಂತ ಡಾಕ್ಟರುಗಳು ಹೇಳಿದ್ದಾರೆ ಎಂದು ಎಲ್ಲರೆದುರು ಒಪ್ಪಿಕೊಂಡರು. ಆಟದ ರಾಜನೇ ಹೀಗೆ ಹೇಳಿದ ಮೇಲೆ ಉಳಿದವರಿಗೂ ಮಾತಾಡಲು ಧೈರ್ಯ ಬಂತು.

ಆಡಳಿತ ಸುಮ್ಮನೆ ಕೂತಿಲ್ಲ, ಅದನ್ನು ಹೇಳಲೇಬೇಕು. ಪೆಟ್ಟು ತಿಂದವನನ್ನು ಹೊರಗೆ ಕರೆದು ಡಾಕ್ಟರು ಪರೀಕ್ಷೆ ಮಾಡುತ್ತಾರೆ. 2023ರಿಂದ ಎನ್‌ಆರ್‌ಎಲ್‌ನಲ್ಲಿ ಕನ್‌ಕಶನ್, ಅಂದರೆ ತಲೆಗೆ ಬಿದ್ದ ಪೆಟ್ಟಿನಿಂದ ಮೆದುಳಿಗೆ ಏಟು, ಆದವನು ಮಾಮೂಲಿಯಾಗಿ 11 ದಿನ ಆಡುವಂತಿಲ್ಲ. 2021ರ ಮೇ ತಿಂಗಳಲ್ಲಿ ತಲೆಗೆ ತಾಗಿದ ಟ್ಯಾಕಲ್‌ಗಳಿಗೆ ರೆಫರಿಗಳು ಬಿಗಿ ಮಾಡಿದಾಗ ಒಂದೇ ಸುತ್ತಿನಲ್ಲಿ ಮೂವರು ಪೂರ್ತಿ ಹೊರಗೆ ಹೋದರು, 14 ಜನ ಹತ್ತು ನಿಮಿಷ ಹೊರಗೆ ಕೂತರು. ಅವತ್ತು ಎಷ್ಟೋ ಅಭಿಮಾನಿಗಳು, ಹಳೇ ಆಟಗಾರರು ಆಟ ಹಾಳಾಯಿತು ಅಂತ ಕೂಗಾಡಿದರು. ಇಂಗ್ಲೆಂಡಿನ ಆಡಳಿತ 2023ರ ಕೊನೆಗೆ, ಟ್ಯಾಕಲ್ ಭುಜದ ಮಟ್ಟದಿಂದ ಕಂಕುಳ ಕೆಳಗೆ ಇಳಿಯಬೇಕು ಅಂತ ತೀರ್ಮಾನಿಸಿತು. ಊರ ಕ್ಲಬ್‌ಗಳಿಂದಲೇ ಅದನ್ನು ಶುರು ಮಾಡಿತು. ಆಗಲೂ ಅದೇ ಕೂಗು.

ಆದರೆ ಈ ನಿಯಮಗಳೆಲ್ಲ ನಾಳೆ ಆಡುವವರನ್ನು ಕಾಪಾಡುತ್ತವೆ. ನಿನ್ನೆ ಆಡಿದವರ ಗತಿ?

2021ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಒಂದಷ್ಟು ಮಾಜಿ ಆಟಗಾರರು ಅಲ್ಲಿನ ರಗ್ಬಿ ಫುಟ್‌ಬಾಲ್ ಲೀಗ್ ಮೇಲೆ ಕಾನೂನು ಕ್ರಮಕ್ಕೆ ಮುಂದಾದರು. ಅವರಲ್ಲಿ ಸೇಂಟ್ ಹೆಲೆನ್ಸ್‌ನ ಹಳೇ ತಾರೆ ಬಾಬಿ ಗೌಲ್ಡಿಂಗ್ ಒಬ್ಬರು. 49ನೇ ವಯಸ್ಸಿಗೇ ಅವರಿಗೆ ಮರೆವಿನ ಕಾಯಿಲೆ ಅಂತ ಗೊತ್ತಾಗಿತ್ತು. ಆಮೇಲೆ ಸೇರಿದವರ ಸಂಖ್ಯೆ ನೂರು ದಾಟಿತು. ಅವರ ವಾದ ಸರಳ: ಅಪಾಯ ಗೊತ್ತಿದ್ದೂ, ಗೊತ್ತಿರಬೇಕಾಗಿದ್ದೂ, ನಮ್ಮನ್ನು ಕಾಪಾಡಲು ಬೇಕಾದ್ದನ್ನು ಮಾಡಲಿಲ್ಲ.

ಇಲ್ಲಿ ನನಗೆ ನಮ್ಮ ಕೋಲಾರದ ಚಿನ್ನದ ಗಣಿ ನೆನಪಾಗುತ್ತದೆ. ಅಲ್ಲಿ ಕಲ್ಲಿನ ಧೂಳು ಕುಡಿದವರ ಶ್ವಾಸಕೋಶ ಕೆಟ್ಟಿದ್ದು ಒಂದು ದಿನದಲ್ಲಿ ಅಲ್ಲ. ಕೆಲಸ ಮಾಡುವಾಗ ಗಟ್ಟಿಮುಟ್ಟು, ಕೆಮ್ಮು ಶುರುವಾಗುವುದು ವರ್ಷಗಟ್ಟಲೆ ಆದ ಮೇಲೆ. ಕಾಯಿಲೆ ತಡವಾಗಿ ಬಂದಾಗ ಅದು ಕೆಲಸದಿಂದಲೇ ಬಂತು ಅಂತ ತೋರಿಸುವ ಹೊರೆ ಕಾಯಿಲೆಯವನ ಮೇಲೇ ಬೀಳುತ್ತದೆ. ರಗ್ಬಿ ಲೀಗ್ ಆಟಗಾರನ ಸ್ಥಿತಿಯೂ ಇದೇ.

ಈ ಆಟ ಹುಟ್ಟಿದ್ದೂ ಕೂಲಿಯ ಜಗಳದಿಂದಲೇ. 19ನೇ ಶತಮಾನದ ಕೊನೆಯಲ್ಲಿ ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್, ಲ್ಯಾಂಕಶೈರ್ ಊರುಗಳಲ್ಲಿ ರಗ್ಬಿ ಆಡುತ್ತಿದ್ದವರು ಕಲ್ಲಿದ್ದಲು ಗಣಿಯವರು, ಗಿರಣಿಯವರು. ಶನಿವಾರ ಪಂದ್ಯ ಅಂದರೆ ಅರ್ಧ ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಹೋದ ಕೂಲಿಯನ್ನಾದರೂ ಕೊಡಿ ಅಂತ ಕೇಳಿದರು. ದಕ್ಷಿಣದ ಉಳ್ಳವರಿಗೆ ಅದು ಆಟದ ಮರ್ಯಾದೆ ತೆಗೆದ ಹಾಗೆ ಕಂಡಿತು. 1893ರಲ್ಲಿ ಮತಕ್ಕೆ ಹಾಕಿದಾಗ 282-136ರಿಂದ ಬೇಡಿಕೆ ಬಿದ್ದುಹೋಯಿತು. ಎರಡು ವರ್ಷದ ಮೇಲೆ, 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರದ ಕ್ಲಬ್‌ಗಳು ಸಭೆ ಸೇರಿ ಬೇರೆಯಾದವು. ಹೊಸ ಸಂಸ್ಥೆ ಒಪ್ಪಿದ್ದು ಇಷ್ಟೇ: ಕೆಲಸ ಬಿಟ್ಟು ಆಡಲು ಬಂದವನಿಗೆ ದಿನಕ್ಕೆ ಹೆಚ್ಚೆಂದರೆ ಆರು ಶಿಲ್ಲಿಂಗ್.

ಆರು ಶಿಲ್ಲಿಂಗ್‌ಗೋಸ್ಕರ ಒಂದು ಆಟವೇ ಎರಡಾಯಿತು. ಆಟಗಾರ ಕೂಡ ದುಡಿಯುವ ಮನುಷ್ಯ, ಅವನ ನಷ್ಟವನ್ನು ಆಟ ತುಂಬಿಕೊಡಬೇಕು ಅಂತ ರಗ್ಬಿಯಲ್ಲಿ ಮೊದಲು ಒಪ್ಪಿದ ಜನ ಇವರು. ಅದಕ್ಕೇ ನನಗೆ ಈಗಿನ ಜಗಳ ಹೊಸದಾಗಿ ಕಾಣುವುದಿಲ್ಲ. ಅವತ್ತು ಕೇಳಿದ್ದು ಹೋದ ದಿನದ ಕೂಲಿ. ಇವತ್ತು ಕೇಳುತ್ತಿರುವುದು ಹೋದ ವರ್ಷಗಳದ್ದು.

ರಾಬ್ ಬರೋ ಕಥೆ ಹೇಳದೆ ಈ ವಿಷಯ ಮುಗಿಯುವುದಿಲ್ಲ. ಅದೇ ಯಾರ್ಕ್‌ಶೈರ್‌ನ ಗಣಿ ಸೀಮೆಯ ಹುಡುಗ, 1982ರಲ್ಲಿ ಹುಟ್ಟಿದ್ದು. ಎತ್ತರ ಐದಡಿ ಐದಂಗುಲ. ಇಷ್ಟು ಚಿಕ್ಕವನು ಇಂಥ ಆಟ ಆಡುವುದುಂಟಾ ಅಂತ ಅನುಮಾನ ಪಟ್ಟವರು ಬಹಳ. 2001ರಿಂದ 2017ರವರೆಗೆ ಒಂದೇ ಕ್ಲಬ್, ಲೀಡ್ಸ್ ರೈನೋಸ್. 490ಕ್ಕೂ ಜಾಸ್ತಿ ಪಂದ್ಯ, ಎಂಟು ಸೂಪರ್ ಲೀಗ್ ಪಟ್ಟ. 2011ರ ಫೈನಲ್‌ನಲ್ಲಿ ಸೇಂಟ್ ಹೆಲೆನ್ಸ್ ಎದುರು ಅವರು ಹೊಡೆದ ಟ್ರೈ, ಅಂದರೆ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿ ಅಂಕ ಗಳಿಸಿದ್ದು, ಹುಡುಕಿ ನೋಡಿ. ತನ್ನದೇ ಅರ್ಧದಿಂದ ಹೊರಟು, ಹಿಡಿಯಲು ಬಂದವನ ಕೈ ಕೆಳಗೆ ಬಗ್ಗಿ ನುಸುಳಿ, ಅತ್ತ ಇತ್ತ ಹೆಜ್ಜೆ ಬದಲಿಸುತ್ತ ಗೆರೆಯವರೆಗೂ ಓಡುತ್ತಾರೆ. ಆಳೆತ್ತರದವರ ಕಾಡಿನಲ್ಲಿ ಮೊಲ ಓಡಿದ ಹಾಗೆ. ಎದುರು ತಂಡದಲ್ಲಿ ಅವತ್ತು ಅದೇ ಜೇಮ್ಸ್ ಗ್ರಹಾಂ ಇದ್ದರು. ನಾನು ಆ ವಿಡಿಯೊ ಎಷ್ಟು ಸಲ ನೋಡಿದ್ದೇನೋ, ಲೆಕ್ಕವಿಲ್ಲ.

2017ರ ಫೈನಲ್ ಗೆದ್ದು ಬರೋ ಆಟ ನಿಲ್ಲಿಸಿದರು. 2019ರ ಡಿಸೆಂಬರಿನಲ್ಲಿ, 37ನೇ ವಯಸ್ಸಿನಲ್ಲಿ, ಮೋಟರ್ ನ್ಯೂರಾನ್ ಕಾಯಿಲೆ ಅಂತ ಗೊತ್ತಾಯಿತು. ನರಗಳು ಒಂದೊಂದಾಗಿ ಕೈಬಿಟ್ಟು, ಮಾತು, ನಡಿಗೆ, ನುಂಗುವುದು, ಉಸಿರು ಎಲ್ಲ ಕ್ರಮವಾಗಿ ನಿಲ್ಲುವ ಕಾಯಿಲೆ. ಮನೆಯಲ್ಲಿ ಮೂರು ಚಿಕ್ಕ ಮಕ್ಕಳು. ಆಟದಿಂದಲೇ ಬರೋ ಅವರಿಗೆ ಈ ಕಾಯಿಲೆ ಬಂತು ಅಂತ ಹೇಳುವುದು ತಪ್ಪು. ಒಬ್ಬ ವ್ಯಕ್ತಿಯ ವಿಷಯದಲ್ಲಿ ಹಾಗೆ ತೀರ್ಪು ಕೊಡಲು ಬರುವುದಿಲ್ಲ. ಆದರೆ 2022ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಸ್ಕಾಟ್ಲೆಂಡ್‌ಗೆ ಆಡಿದ್ದ 412 ಮಾಜಿ ರಗ್ಬಿ ಯೂನಿಯನ್ ಆಟಗಾರರ ಆರೋಗ್ಯ ದಾಖಲೆ ನೋಡಿದರು. ಮೆದುಳು ಮತ್ತು ನರ ಸವೆಯುವ ಕಾಯಿಲೆಗಳು ಸಾಮಾನ್ಯ ಜನಕ್ಕಿಂತ ಎರಡೂವರೆ ಪಟ್ಟು ಜಾಸ್ತಿ ಕಂಡವು. ಮೋಟರ್ ನ್ಯೂರಾನ್ ಕಾಯಿಲೆ ಸುಮಾರು 15 ಪಟ್ಟು. ಕಾಯಿಲೆಯವರ ಸಂಖ್ಯೆ ಚಿಕ್ಕದು, ಅದು ಬೇರೆ ರಗ್ಬಿ, ಎಚ್ಚರದಿಂದಲೇ ಓದಬೇಕು. ಎಚ್ಚರ ಬೇರೆ, ಕಣ್ಣು ಮುಚ್ಚಿಕೊಳ್ಳುವುದು ಬೇರೆ.

ಆಮೇಲೆ ನಡೆದದ್ದು ಜಗತ್ತಿಗೇ ಗೊತ್ತು. ಬರೋ ಅವರ ನಾಯಕರಾಗಿದ್ದ ಕೆವಿನ್ ಸಿನ್‌ಫೀಲ್ಡ್ 2020ರ ಡಿಸೆಂಬರಿನಲ್ಲಿ ಏಳು ದಿನ ಏಳು ಮ್ಯಾರಥಾನ್ ಓಡಿದರು. ಏಳು ಏಕೆಂದರೆ ಬರೋ ಅಂಗಿಯ ನಂಬರ್ ಏಳು. ಇಪ್ಪತ್ತು ಲಕ್ಷ ಪೌಂಡ್‌ಗೂ ಜಾಸ್ತಿ ಸೇರಿತು. ಮುಂದಿನ ವರ್ಷ 24 ಗಂಟೆಯಲ್ಲಿ 101 ಮೈಲಿ. 2023ರ ಮೇ ತಿಂಗಳಲ್ಲಿ ಬರೋ ಹೆಸರಿನಲ್ಲೇ ನಡೆದ ಲೀಡ್ಸ್ ಮ್ಯಾರಥಾನ್‌ನಲ್ಲಿ ಗೆಳೆಯನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಪೂರ್ತಿ ದೂರ ತಳ್ಳಿದರು. ಕೊನೆಯ ಗೆರೆ ಬಂದಾಗ ಬಗ್ಗಿ, ಎರಡೂ ಕೈಯಲ್ಲಿ ಎತ್ತಿಕೊಂಡು, ಗೆರೆ ದಾಟಿ ಕೆನ್ನೆಗೆ ಮುತ್ತು ಕೊಟ್ಟರು. 2024ರ ಜೂನ್ 2ರಂದು ಬರೋ ತೀರಿಕೊಂಡರು, 41 ವರ್ಷ. ಮರುದಿನವೇ, ಮೊದಲೇ ಗೊತ್ತುಮಾಡಿದ್ದಂತೆ, ಲೀಡ್ಸ್‌ನ ಸೀಕ್ರಾಫ್ಟ್ ಆಸ್ಪತ್ರೆ ಆವರಣದಲ್ಲಿ ಅವರ ಹೆಸರಿನ ಚಿಕಿತ್ಸಾ ಕೇಂದ್ರಕ್ಕೆ ಮೊದಲ ಗುದ್ದಲಿ ಬಿತ್ತು. ಅದಕ್ಕೆ ಬೇಕಾದ 68 ಲಕ್ಷ ಪೌಂಡ್‌ಗೆ ಜನರ ಮುಂದೆ ಕೈಚಾಚಿದ್ದರು, ಜನ ಕೈತುಂಬಾ ಕೊಟ್ಟರು.

ಈ ಗೆಳೆತನದ ಬಗ್ಗೆ ನನಗೆ ಅಪಾರ ಗೌರವ ಇದೆ. ಆದರೆ ಒಂದು ಮಾತು ಕೇಳಲೇಬೇಕು. ಎಲ್ಲ ಆಟಗಾರನಿಗೂ ಸಿನ್‌ಫೀಲ್ಡ್ ಸಿಗುತ್ತಾರಾ? ಎಂಟು ಪಟ್ಟ ಗೆದ್ದವನಿಗೆ ಊರೇ ನಿಂತಿತು. ಮೂವತ್ತು ಪಂದ್ಯ ಆಡಿ, ಮೂರು ಸಲ ತಲೆಗೆ ಪೆಟ್ಟು ತಿಂದು, ಕಾಂಟ್ರಾಕ್ಟ್ ಮುಗಿದು ಮನೆಗೆ ಹೋದವನಿಗೋಸ್ಕರ ಯಾರು ಓಡುತ್ತಾರೆ? ದಾನ ದೊಡ್ಡದು. ಆದರೆ ಅದು ಹೆಸರಿರುವವರ ಮನೆ ಬಾಗಿಲಿಗೆ ಮೊದಲು ಹೋಗುತ್ತದೆ. ಕೂಲಿ ಹಾಗಲ್ಲ, ದುಡಿದವರಿಗೆಲ್ಲ ಬರುತ್ತದೆ.

ಇದನ್ನು ಆಸ್ಟ್ರೇಲಿಯಾದ ಆಟಗಾರರು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. 2023ರಲ್ಲಿ ಹೊಸ ಸಂಬಳ ಒಪ್ಪಂದ ತಿಂಗಳುಗಟ್ಟಲೆ ಎಳೆದಾಡಿದಾಗ ಅವರು ಪಂದ್ಯದ ದಿನ ಟಿವಿ, ಪತ್ರಿಕೆಯವರ ಜೊತೆ ಮಾತು ನಿಲ್ಲಿಸಿದರು. ಅಂಗಿಯ ಮೇಲಿದ್ದ ಎನ್‌ಆರ್‌ಎಲ್ ಲೋಗೋ ಮೇಲೆ ಟೇಪ್ ಅಂಟಿಸಿಕೊಂಡು ಮೈದಾನಕ್ಕೆ ಇಳಿದರು. ಮೊಣಕೈಗೆ, ಕಿವಿಗೆ ಸುತ್ತಿಕೊಳ್ಳುವ ಅದೇ ಟೇಪ್. ಅವರ ಬೇಡಿಕೆಯಲ್ಲಿ ಸಂಬಳದ ಜೊತೆ ಗಾಯಗೊಂಡು ಕಷ್ಟಕ್ಕೆ ಬಿದ್ದವರ ನಿಧಿ, ನಿವೃತ್ತರ ಚಿಕಿತ್ಸೆ ಕೂಡ ಇತ್ತು. ಆಗಸ್ಟ್‌ನಲ್ಲಿ ಒಪ್ಪಂದ ಆಯಿತು. ಇವತ್ತು ಲಕ್ಷಗಟ್ಟಲೆ ಡಾಲರ್ ಪಡೆಯುವ ಹುಡುಗರು ಬಿಟ್ಟು ಹೋದ ಅಣ್ಣಂದಿರ ಆಸ್ಪತ್ರೆ ಖರ್ಚಿಗಾಗಿ ಹಟ ಹಿಡಿದರು ಅನ್ನುವುದು ನನಗೆ ಯಾವ ಫೈನಲ್‌ಗಿಂತ ಕಡಿಮೆ ಅಲ್ಲ.

ಇಂಗ್ಲೆಂಡಿನಲ್ಲಿ ಅಷ್ಟು ದುಡ್ಡಿಲ್ಲ ಅನ್ನುವ ಉತ್ತರ ಬರುತ್ತದೆ. ಪೂರ್ತಿ ಸುಳ್ಳಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ. ಸಂಬಳ ಮಿತಿಯ ನೂರಕ್ಕೆ ಒಂದು ಪಾಲು ಅಂದರೆ ಕ್ಲಬ್‌ಗೆ ವರ್ಷಕ್ಕೆ 21 ಸಾವಿರ ಪೌಂಡ್. 2026ರಿಂದ ಸೂಪರ್ ಲೀಗ್‌ನಲ್ಲಿ 14 ಕ್ಲಬ್. ಸೇರಿಸಿದರೆ ಸುಮಾರು 2.9 ಲಕ್ಷ ಪೌಂಡ್. ಇದರಿಂದ ಎಲ್ಲರ ಕಾಯಿಲೆ ವಾಸಿಯಾಗುವುದಿಲ್ಲ. ಆದರೆ ನಿವೃತ್ತರಾದ ಪ್ರತಿಯೊಬ್ಬರಿಗೂ ನರರೋಗ ತಜ್ಞರ ತಪಾಸಣೆ, ನೋಡಿಕೊಳ್ಳುವ ಹೆಂಡತಿಗೋ ತಾಯಿಗೋ ಸ್ವಲ್ಪ ಆಸರೆ ಇಂಥದ್ದನ್ನು ಶುರು ಮಾಡಬಹುದು. ವರ್ಷ ವರ್ಷ ಬರುವ ದುಡ್ಡು ಅದು, ಯಾರೂ ಅದಕ್ಕಾಗಿ 101 ಮೈಲಿ ಓಡಬೇಕಾಗಿಲ್ಲ. ಟಿವಿ ಹಕ್ಕು ಕೊಂಡವರೂ ಅಷ್ಟೇ ಪಾಲು ಹಾಕಲಿ. ಮುರಿದ ಕೆನ್ನೆಯ ಚಿತ್ರವನ್ನು ಮತ್ತೆ ಮತ್ತೆ ತೋರಿಸಿ ದುಡಿದವರು ಅವರೂ ಹೌದಲ್ವಾ?

ಹಡರ್ಸ್‌ಫೀಲ್ಡ್‌ನ ಆ ಹೋಟೆಲ್‌ನಲ್ಲಿ ಕೂತಿದ್ದವರ ಹತ್ತಿರವೂ ದುಡ್ಡು ಜಾಸ್ತಿ ಇರಲಿಲ್ಲ. ಇದ್ದದ್ದರಲ್ಲೇ ಆರು ಶಿಲ್ಲಿಂಗ್ ಎತ್ತಿಟ್ಟರು.